‘ಅನುಚಿತ ಪ್ರಭಾವ’ಕ್ಕೆ ಆಡುಮಾತು ಏನು? ‘ಬರೆಸಿಕೊಂಡರು’ ನಡೆದೀತೇ?

ಬಳಗದವರಿಗೆಲ್ಲ ನಮಸ್ಕಾರ.

ವಯಸ್ಸಾದವರ ಹಣ, ಆಸ್ತಿ ಕಾಪಾಡುವ ಕಾನೂನುಗಳ ಬಗ್ಗೆ ನಮ್ಮೂರಿನ ಹಿರಿಯ ನಾಗರಿಕರ ಸಂಘಕ್ಕೆ ಒಂದು ಕರಪತ್ರ ಬರೆಯುತ್ತಿದ್ದೇನೆ. ಓದುವವರಲ್ಲಿ ಹೆಚ್ಚಿನವರು ಎಪ್ಪತ್ತು ದಾಟಿದವರು, ಕೆಲವರಿಗೆ ಓದಿಯೇ ಹೇಳಬೇಕು. ಹಾಗಾಗಿ ಕಾನೂನು ಪದಕೋಶದ ಕನ್ನಡ ಇಲ್ಲಿ ಕೆಲಸಕ್ಕೆ ಬಾರದು.

2007ರ ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆಯ 23ನೇ ಕಲಂ ನಿಮಗೆ ಗೊತ್ತಿರಬಹುದು. 60 ದಾಟಿದವರು ತಮ್ಮ ಊಟ, ಆರೈಕೆ ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಆಸ್ತಿ ಕೊಟ್ಟಿದ್ದು, ಪಡೆದವರು ನೋಡಿಕೊಳ್ಳದೆ ಹೋದರೆ, ಆ ವರ್ಗಾವಣೆ ವಂಚನೆಯಿಂದಲೋ ಬಲವಂತದಿಂದಲೋ ‘ಅನುಚಿತ ಪ್ರಭಾವ’ದಿಂದಲೋ ಆದದ್ದೆಂದು ಕಾನೂನು ಭಾವಿಸುತ್ತದೆ. ನನ್ನ ತೊಡಕು ಈ ಮೂರನೆಯದು.

ವಂಚನೆಗೆ ನಮ್ಮಲ್ಲಿ ಪದಗಳ ಬರವಿಲ್ಲ. ಮೋಸ, ದಗಾ, ಟೋಪಿ, ಪಂಗನಾಮ, ಉಂಡೆನಾಮ. ಬಲವಂತ ಎಂದರೂ ಎಲ್ಲರಿಗೂ ತಿಳಿಯುತ್ತದೆ. ಆದರೆ ಅನುಚಿತ ಪ್ರಭಾವ ಎಂದರೆ? 1872ರ ಕರಾರು ಕಾಯ್ದೆಯ 16ನೇ ಕಲಂ ಪ್ರಕಾರ, ಒಬ್ಬರ ಇಚ್ಛೆಯ ಮೇಲೆ ಹಿಡಿತವಿರುವವನು ಆ ಹಿಡಿತ ಬಳಸಿ ಅನ್ಯಾಯದ ಲಾಭ ಪಡೆಯುವುದು. ವಯಸ್ಸು, ಕಾಯಿಲೆ, ಸಂಕಟಗಳಿಂದ ಮನಸ್ಸಿನ ಶಕ್ತಿ ಕುಂದಿದವರನ್ನು ಅದೇ ಕಲಂ ಬಿಡಿಸಿ ಹೆಸರಿಸುತ್ತದೆ. ಅಂದರೆ ಸುಳ್ಳು ಹೇಳಿರಬೇಕಾಗಿಲ್ಲ, ಕೈ ತಿರುಚಿರಬೇಕಾಗಿಲ್ಲ. ಮಾತ್ರೆ ತಂದುಕೊಡುವವನು, ಬ್ಯಾಂಕಿಗೆ ಕರೆದೊಯ್ಯುವವನು ಅವನೊಬ್ಬನೇ ಆಗಿದ್ದರೆ ಸಾಕಾಗಬಹುದು.

‘ಪುಸಲಾಯಿಸು’ ಮಕ್ಕಳ ಮಾತಾಯಿತು. ‘ಮಂಕುಬೂದಿ ಎರಚು’ ಅಂದರೆ ಮತ್ತೆ ಮೋಸದ ಕಡೆಗೇ ಹೋಗುತ್ತದೆ. ‘ಮುಲಾಜು’, ‘ದಾಕ್ಷಿಣ್ಯ’ ಹತ್ತಿರ ಬರುತ್ತವೆ, ಆದರೆ ತಪ್ಪು ಕೊಟ್ಟವರ ತಲೆಗೆ ಬರುತ್ತದೆ. ‘ದಾಕ್ಷಿಣ್ಯಕ್ಕೆ ಬಸುರಾದಳು’ ಎಂದು ಆಡಿಕೊಳ್ಳುವ ಭಾಷೆಯಲ್ಲಿ ದಾಕ್ಷಿಣ್ಯಕ್ಕೆ ಬಿದ್ದವರ ಮೇಲೆ ಕನಿಕರ ಹುಟ್ಟಿಸುವುದು ಕಷ್ಟ. ‘ಹಂಗು’ ನನಗೆ ಇಷ್ಟವಾಯಿತು. ‘ಹಂಗಿನಲ್ಲಿಟ್ಟುಕೊಂಡು ಆಸ್ತಿ ಪಡೆದರು’ ಎಂದರೆ ಅರ್ಥ ಸರಿ, ಆದರೂ ಕೃತಕ.

ಜನ ನಿಜವಾಗಿ ಏನನ್ನುತ್ತಾರೆಂದು ಯೋಚಿಸಿದಾಗ ಹೊಳೆದದ್ದು ನಾಮಪದವಲ್ಲ, ಕ್ರಿಯಾಪದ. ‘ಅಜ್ಜ ಮಗನಿಗೆ ಮನೆ ಬರೆದುಕೊಟ್ಟರು’ ಎಂದರೆ ಯಾರೂ ಹುಬ್ಬೇರಿಸುವುದಿಲ್ಲ. ‘ಮಗ ಮನೆ ಬರೆಸಿಕೊಂಡ’ ಎಂದು ನೋಡಿ. ಅದೇ ಮನೆ, ಅದೇ ಸಹಿ, ಆದರೆ ಕಟ್ಟೆಯ ಮೇಲೆ ಕೂತವರಿಗೆ ಎಲ್ಲ ಅರ್ಥವಾಯಿತು. ಆ ‘ಇಸಿ’, ಆ ‘ಕೊಂಡ’ ಎರಡೂ ಸೇರಿ ಇಡೀ 16ನೇ ಕಲಂ ಹೇಳಿಬಿಡುತ್ತವೆ.

ಆದರೆ ಸಬ್ ರಿಜಿಸ್ಟ್ರಾರ್ ಆಫೀಸಿನ ಕನ್ನಡದಲ್ಲಿ ‘ಬರೆದುಕೊಡುವವರು’, ‘ಬರೆಸಿಕೊಳ್ಳುವವರು’ ಎಂಬುವು ಎರಡು ಪಕ್ಷಗಳ ಹೆಸರು ಮಾತ್ರ. ದುಡ್ಡು ಕೊಟ್ಟು ಸೈಟು ಕೊಂಡ ಪ್ರಾಮಾಣಿಕನೂ ‘ಬರೆಸಿಕೊಂಡವರು’ ಕೆಳಗೇ ಸಹಿ ಹಾಕುತ್ತಾನೆ. ಕರಪತ್ರದಲ್ಲಿ ‘ನಿಮ್ಮಿಂದ ಆಸ್ತಿ ಬರೆಸಿಕೊಂಡಿದ್ದರೆ ದೂರು ಕೊಡಿ’ ಎಂದು ಬರೆದರೆ ಯಾವ ಅರ್ಥ ಹಿಡಿಯುತ್ತದೆ? ಇದೇ ನನ್ನ ಮುಖ್ಯ ಪ್ರಶ್ನೆ.

ಪತ್ರ ಬರಹಗಾರರ ಇನ್ನೊಂದು ಸಿದ್ಧವಾಕ್ಯವೂ ಇಲ್ಲಿ ಕಾಡುತ್ತದೆ. ದಾನಪತ್ರವೆಂದರೆ ‘ಪ್ರೀತಿ ವಿಶ್ವಾಸದಿಂದ, ಯಾರ ಒತ್ತಾಯವೂ ಇಲ್ಲದೆ’ ಎಂದು ರೂಢಿಯಂತೆ ಬರೆದುಬಿಡುತ್ತಾರೆ. 2022ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಆಸ್ತಿಯನ್ನು ಎಷ್ಟೋ ಸಲ ಏನನ್ನೂ ಬಯಸದೆ ಪ್ರೀತಿಯಿಂದಲೇ ಕೊಡುವುದುಂಟು, 23ನೇ ಕಲಂ ಬೇಕೆಂದರೆ ನೋಡಿಕೊಳ್ಳುವ ಷರತ್ತು ಇತ್ತೆಂದು ತೋರಿಸಬೇಕು ಎಂದಿತು. 2025ರ ಜನವರಿಯ ತೀರ್ಪು ಹಿರಿಯರ ಪರವಾಗಿ ಉದಾರವಾಗಿ ಓದಿತು. ಆ ಮೊಕದ್ದಮೆಯಲ್ಲಿ ತಾಯಿಯ ಬಳಿ, ನೋಡಿಕೊಳ್ಳುತ್ತೇನೆಂದು ಮಗ ಬರೆದುಕೊಟ್ಟ ‘ವಚನಪತ್ರ’ ಇತ್ತು. ಹೀಗಾಗಿ ‘ಕೊನೆಯವರೆಗೂ ನೋಡಿಕೊಳ್ಳತಕ್ಕದ್ದು’ ಎಂಬ ಒಂದು ಸಾಲನ್ನು ಪತ್ರದಲ್ಲೇ ಹಾಕಿಸಿ ಎಂದು ದಪ್ಪಕ್ಷರದಲ್ಲಿ ಕೊಡುತ್ತಿದ್ದೇನೆ.

ಚಿಕ್ಕದೊಂದು: ಇಂಥ ಪತ್ರ ‘ರದ್ದಾಗುತ್ತದೆ’ ಎಂದು ಬರೆಯುವವರು ಬಹಳ. ತಾನಾಗಿ ಏನೂ ಆಗುವುದಿಲ್ಲ. ಕೊಟ್ಟವರು ಬಯಸಿ, ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ, ಅಂದರೆ ಜನರ ಬಾಯಲ್ಲಿ ‘ಎಸಿ ಕೋರ್ಟಿಗೆ’, ಅರ್ಜಿ ಹಾಕಬೇಕು. ‘ರದ್ದು ಮಾಡಿಸಬಹುದು’ ಎನ್ನುವುದೇ ಸರಿ ಎಂದು ನನ್ನ ಮತ.

ಇನ್ನು ಫೋನಿನ ವಂಚನೆಗಳು. ಪೊಲೀಸರೆಂದು ಹೇಳಿಕೊಂಡು ವಿಡಿಯೊ ಕರೆಯಲ್ಲೇ ಹೆದರಿಸಿ ಕೂರಿಸಿ ಹಣ ಕೀಳುವ ‘ಡಿಜಿಟಲ್ ಅರೆಸ್ಟ್’ ಎಂಬುದನ್ನು ‘ಡಿಜಿಟಲ್ ಬಂಧನ’ ಎಂದು ಕನ್ನಡಿಸುವುದು ನನಗೆ ಒಪ್ಪಿಗೆಯಿಲ್ಲ. ಅಂಥದ್ದೊಂದು ವ್ಯವಸ್ಥೆ ಕಾನೂನಿನಲ್ಲೇ ಇಲ್ಲವೆಂದು ಪ್ರಧಾನಿ 2024ರ ಅಕ್ಟೋಬರ್‌ನ ‘ಮನ್ ಕಿ ಬಾತ್’ನಲ್ಲಿ ಹೇಳಿದ್ದರು. ಮರುವರ್ಷ ಅದೇ ತಿಂಗಳು ಅಂಬಾಲಾದ ವೃದ್ಧ ದಂಪತಿಯ ದೂರಿನ ಮೇಲೆ ಸುಪ್ರೀಂ ಕೋರ್ಟ್ ತಾನಾಗಿ ಪ್ರಕರಣ ಕೈಗೆತ್ತಿಕೊಂಡಿತು. ‘ಬಂಧನ’ ಎಂದೊಡನೆ ಪೊಲೀಸು, ವಾರಂಟು ಎಲ್ಲ ಬೆನ್ನಿಗೆ ಬರುತ್ತವೆ, ಕಳ್ಳನಿಗೆ ಬೇಕಾದದ್ದೂ ಅದೇ. ‘ಫೋನ್ ದಿಗ್ಬಂಧನ’ ಎಂದರೆ ಹೇಗೆ? ರೈತರು ಅಧಿಕಾರಿಗಳಿಗೆ ದಿಗ್ಬಂಧನ ಹಾಕಿದರು ಎಂದು ಪತ್ರಿಕೆಯಲ್ಲಿ ಓದುತ್ತೇವೆ, ಮಂತ್ರವಾದಿಯೂ ಹಾಕುತ್ತಾನೆ. ಅದಕ್ಕೆ ಸರ್ಕಾರಿ ಮೊಹರು ಬೇಕಿಲ್ಲ.

‘ಅನಧಿಕೃತ ವಹಿವಾಟು’ ಕೂಡ ದಾರಿ ತಪ್ಪಿಸುತ್ತದೆ. ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆಯಲ್ಲಿ ಅದರರ್ಥ ಗ್ರಾಹಕರ ಒಪ್ಪಿಗೆಯಿಲ್ಲದೆ ಹೋದ ಹಣ. ಬ್ಯಾಂಕಿನದೂ ಗ್ರಾಹಕರದೂ ತಪ್ಪಿಲ್ಲದೆ ಹಾಗಾದಾಗ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ಗ್ರಾಹಕರದ್ದಲ್ಲ. ನಮ್ಮ ಕಿವಿಗೋ ‘ಅನಧಿಕೃತ ಬಡಾವಣೆ’ ಕೇಳಿ ಕೇಳಿ ಅದು ‘ಅಕ್ರಮ’ ಆಗಿಬಿಟ್ಟಿದೆ. ಬೆದರಿ ತಾವೇ ಕಳಿಸಿದ ದುಡ್ಡೂ ಅದರಲ್ಲಿ ಸೇರುತ್ತದೆಂದು ಹಿರಿಯರು ನಂಬಿ ಕೂರುತ್ತಾರೆ. ‘ನಿಮಗೆ ಗೊತ್ತಿಲ್ಲದೆ ಹೋದ ಹಣ’, ‘ನೀವೇ ಕಳಿಸಿದ ಹಣ’ ಎಂದು ಎರಡು ತಲೆಬರಹ ಮಾಡಿ, ಎರಡರ ಕೆಳಗೂ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ಎಂದು ಹಾಕಿದ್ದೇನೆ.

ಹುಬ್ಬಳ್ಳಿ-ಧಾರವಾಡದ ಕಡೆ ದಾನಪತ್ರಕ್ಕೆ ‘ಬಕ್ಷೀಸ್ ಪತ್ರ’ ಅನ್ನುವುದುಂಟು. ಅಲ್ಲಿಯವರು, ಕರಾವಳಿಯವರು ದಯವಿಟ್ಟು ಹೇಳಿ: ನಿಮ್ಮ ಮಾತಿನಲ್ಲಿ ‘ಬರೆಸಿಕೊಂಡರು’ ಎಂಬುದಕ್ಕೆ ಈ ಆಪಾದನೆಯ ಧ್ವನಿ ಇದೆಯೇ? ಇಲ್ಲವಾದರೆ ಮುದುಕರ ಕೈಯಿಂದ ಹೀಗೆ ಆಸ್ತಿ ಹೊಡೆದವರನ್ನು ಏನೆಂದು ಆಡಿಕೊಳ್ಳುತ್ತೀರಿ?