ವರ್ಗಸಮೀಕರಣದ ಹೇಳಿಕೆ ಲೆಕ್ಕ ಮಗಳ ತಲೆಗೆ ಹತ್ತುತ್ತಿಲ್ಲ, ನೀವು ಹೇಗೆ ಕಲಿಸಿದಿರಿ?

ಹತ್ತನೇ ತರಗತಿ ಹುಡುಗಿಯ ತಾಯಿ:
ಮಗಳಿಗೆ ಸೂತ್ರ ಬಾಯಿಪಾಠ. ಸಮೀಕರಣ ಬರೆದುಕೊಟ್ಟರೆ ಎರಡೇ ನಿಮಿಷದಲ್ಲಿ ಬಿಡಿಸುತ್ತಾಳೆ. "ಒಂದು ಆಯತಾಕಾರದ ಹೊಲ..." ಅಂತ ಲೆಕ್ಕ ಶುರುವಾದರೆ ಮಾತ್ರ ಪೆನ್ನು ಕೆಳಗಿಡುತ್ತಾಳೆ. ನಿನ್ನೆ ರಾತ್ರಿ ಅತ್ತೇಬಿಟ್ಟಳು. ನಿಮ್ಮ ಮನೆಯಲ್ಲಿ, ಶಾಲೆಯಲ್ಲಿ ಏನು ಮಾಡಿದಿರಿ, ದಯವಿಟ್ಟು ಹೇಳಿ.

ನಿವೃತ್ತ ಗಣಿತ ಮೇಷ್ಟ್ರು:
ಅಮ್ಮ, ಮೊದಲು "ಎಕ್ಸ್ ಆಗಿರಲಿ" ಅನ್ನುವುದನ್ನು ಒಂದು ವಾರ ಬಿಟ್ಟುಬಿಡಿ. ಮಕ್ಕಳು ಎಡವುವುದು ಅಲ್ಲೇ. ಕಥೆ ಅರ್ಥವಾಗುವ ಮೊದಲೇ ಅಕ್ಷರ ಬಂದು ಕೂತುಬಿಡುತ್ತದೆ.

ನಾನು ತರಗತಿಗೆ 40 ಬೆಂಕಿಕಡ್ಡಿ ಒಯ್ಯುತ್ತಿದ್ದೆ. ಗೋಡೆ ಪಕ್ಕ ನೆಲದ ಮೇಲೆ ಕುರಿಹಟ್ಟಿ ಕಟ್ಟಿಸುತ್ತಿದ್ದೆ. ಒಂದು ಕಡೆ ಗೋಡೆಯೇ ಬೇಲಿ, ಉಳಿದ ಮೂರು ಕಡೆಗೆ ಮಾತ್ರ ಕಡ್ಡಿ. ಒಂದು ಕಡ್ಡಿ ಅಂದರೆ ಒಂದು ಮೀಟರ್ ಅಂದುಕೊಳ್ಳಿ. ಅಗಲ 4 ಇಟ್ಟರೆ ಎರಡು ಬದಿಗೆ 8 ಹೋಯಿತು, ಉದ್ದ 32, ಜಾಗ 128 ಚದರ ಮೀಟರ್. ಅಗಲ 6 ಇಟ್ಟರೆ 168. 8ಕ್ಕೆ 192. 10ಕ್ಕೆ 200. ಇನ್ನೂ ಅಗಲ ಮಾಡಿದರೆ ಇನ್ನೂ ಜಾಸ್ತಿ ಅಂತ ಎಲ್ಲರೂ ಕೂಗುತ್ತಿದ್ದರು. 12 ಇಟ್ಟಾಗ 192! 14ಕ್ಕೆ ಮತ್ತೆ 168. "ಸಾರ್, ಹಿಂದೆ ಬಂದದ್ದೇ ಬರ್ತಾ ಇದೆ" ಅಂತ ಹಿಂದಿನ ಬೆಂಚಿನ ಹುಡುಗನೇ ಹೇಳುತ್ತಿದ್ದ. ಈ ಸಂಖ್ಯೆಗಳನ್ನು ನಕ್ಷೆಯಲ್ಲಿ ಗುರುತಿಸಿದರೆ ಏರಿ ಇಳಿಯುವ ಗೆರೆ ಬರುತ್ತದೆ, ಅದೇ ಪರವಲಯ. ಅದನ್ನು ಕೈಯಿಂದ ಕಂಡ ಮಗು ಮರೆಯುವುದಿಲ್ಲ.

ಆಮೇಲೆ ಕೇಳಿ: ಅಗಲ ಎಷ್ಟು ಅಂತ ಗೊತ್ತಿಲ್ಲದಿದ್ದರೆ? ಆಗ ಎಕ್ಸ್ × (40 − 2ಎಕ್ಸ್) ತಾನಾಗಿಯೇ ಬರುತ್ತದೆ. 4ರ ಜಾಗದಲ್ಲಿ ಎಕ್ಸ್ ಬರೆದರೆ ಮುಗಿಯಿತು.

ಇನ್ನೊಂದು ಮಾತು. ಜಾಗ 168 ಬೇಕು ಅಂದರೆ ಉತ್ತರ 6 ಕೂಡ ಹೌದು, 14 ಕೂಡ ಹೌದು. ಗೋಡೆ ಇರುವುದೇ 20 ಮೀಟರ್ ಅಂದರೆ? 6ಕ್ಕೆ 28 ಮೀಟರ್ ಗೋಡೆ ಬೇಕು, ಅದು ಇಲ್ಲ. ಹಾಗಾಗಿ 14. ಯಾವ ಉತ್ತರ ಇಟ್ಟುಕೊಳ್ಳಬೇಕು ಅಂತ ಸೂತ್ರ ಹೇಳುವುದಿಲ್ಲ, ಗೋಡೆ ಹೇಳುತ್ತದೆ.

ಮನೆಯಲ್ಲೇ ಹೋಳಿಗೆ ಮಾಡಿ ಮಾರುವವಳು:
ಅಕ್ಕ, ನನಗೆ ಈ ಲೆಕ್ಕ ಕಲಿಸಿದ್ದು ಪಿಯುಸಿ ಓದುವ ಮಗ. ಒಂದು ಹೋಳಿಗೆಗೆ ಖರ್ಚು 12 ರೂಪಾಯಿ. 20ಕ್ಕೆ ಮಾರಿದರೆ ದಿನಕ್ಕೆ 100 ಹೋಗುತ್ತಿತ್ತು. ಒಂದು ವಾರ 22 ಮಾಡಿ ನೋಡಿದೆ, 92 ಹೋಯಿತು. 25ಕ್ಕೆ 80. ರೂಪಾಯಿಗೆ ನಾಲ್ಕು ಹೋಳಿಗೆ ಕಡಿಮೆ ಅಂತ ಮಗ ಗೆರೆ ಎಳೆದು ತೋರಿಸಿದ. ಲಾಭ ನೋಡಿ: 20ಕ್ಕೆ 800, 25ಕ್ಕೆ 1040. 28ಕ್ಕೂ 29ಕ್ಕೂ ಒಂದೇ, 1088. 30ಕ್ಕೆ ಇಳಿಯಲು ಶುರು. ಲಾಭ ಒಂದೇ ಆದ ಮೇಲೆ ಗಿರಾಕಿಗೆ ಯಾಕೆ ಭಾರ, ಅಂತ 28 ಇಟ್ಟೆ. ಲೆಕ್ಕದ ಪ್ರಕಾರ 68 ಹೋಗಬೇಕಿತ್ತು, ಮೊದಲ ವಾರ ದಿನಕ್ಕೆ 70ರ ಹತ್ತಿರ ಹೋಯಿತು. ನಿಮ್ಮ ಮಗಳಿಗೆ ಇಷ್ಟದ ತಿಂಡಿ ಯಾವುದೋ ಅದರ ಮೇಲೆ ಲೆಕ್ಕ ಹಾಕಿಸಿ.

ಹಳೆಯ ಗಣಿತ ಓದುವ ಹವ್ಯಾಸಿ:
ಮೇಷ್ಟ್ರು ಹೇಳಿದ ಎರಡು ಉತ್ತರದ ವಿಷಯಕ್ಕೆ ಭಾಸ್ಕರಾಚಾರ್ಯರ ಕೋತಿಗಳನ್ನು ತೋರಿಸಿ. 1114ರಲ್ಲಿ ಹುಟ್ಟಿದವರು, 'ಬೀಜಗಣಿತ' ಅನ್ನುವ ತಮ್ಮ ಗ್ರಂಥದಲ್ಲಿ ಎಂಥ ಚಂದದ ಲೆಕ್ಕ ಕೊಟ್ಟಿದ್ದಾರೆ! ಹಿಂಡಿನ ಎಂಟನೇ ಒಂದು ಭಾಗದ ವರ್ಗದಷ್ಟು ಕೋತಿಗಳು ಕಾಡಿನಲ್ಲಿ ಕುಣಿಯುತ್ತಿವೆ, ಉಳಿದ 12 ಗುಡ್ಡದ ಮೇಲಿವೆ. ಒಟ್ಟು ಎಷ್ಟು? 48 ಅಂದರೂ ಸರಿ, 16 ಅಂದರೂ ಸರಿ. ಇನ್ನೊಂದರಲ್ಲಿ ಐದನೇ ಒಂದು ಭಾಗದಲ್ಲಿ ಮೂರು ಕಳೆದು, ಅದರ ವರ್ಗದಷ್ಟು ಕೋತಿಗಳು ಗುಹೆಗೆ ಹೋಗಿವೆ, ಒಂದು ಮಾತ್ರ ಕಾಣುತ್ತಿದೆ. ಉತ್ತರ 50 ಅಥವಾ 5. ಆದರೆ 5 ಇಟ್ಟು ನೋಡಿ: ಒಂದರಲ್ಲಿ ಮೂರು ಕಳೆಯಬೇಕು! ಋಣ ಸಂಖ್ಯೆಯನ್ನು ಜನ ಒಪ್ಪುವುದಿಲ್ಲ ಅಂತ ಅವರೇ ಅದನ್ನು ಬಿಟ್ಟಿದ್ದಾರೆ. ಉತ್ತರವನ್ನು ಮತ್ತೆ ಕಥೆಯೊಳಗೆ ಇಟ್ಟು ನೋಡುವ ಅಭ್ಯಾಸ ಇಲ್ಲಿಂದಲೇ ಬರಲಿ.

ಚಾಲನೆ ಕಲಿಸುವವನು:
ನಾನು ದಿನಾ ಹೇಳುವುದೂ ವರ್ಗದ ಲೆಕ್ಕವನ್ನೇ. ವೇಗ ಎರಡರಷ್ಟಾದರೆ ಬ್ರೇಕ್ ಹಿಡಿದ ಮೇಲೆ ಗಾಡಿ ಓಡುವ ದೂರ ನಾಲ್ಕರಷ್ಟು. ಒಣ ರಸ್ತೆಯಲ್ಲಿ ಗಂಟೆಗೆ 40 ಕಿ.ಮೀ.ಗೆ ಸುಮಾರು 10 ಮೀಟರ್ ಆದರೆ, 80ಕ್ಕೆ 40 ಮೀಟರ್. ಇದು ಮಕ್ಕಳಿಗೆ ಗೊತ್ತಿರಲೇಬೇಕು.

ಒಬ್ಬ ತಂದೆ:
ಎಲ್ಲ ಸರಿ, ಆದರೆ ಪರೀಕ್ಷೆಯಲ್ಲಿ ಪಟ್ಟಿ ಹಾಕಿಕೊಂಡು ಕೂರಲು ಸಮಯ ಎಲ್ಲಿದೆ?

ನಿವೃತ್ತ ಗಣಿತ ಮೇಷ್ಟ್ರು:
ಪೂರ್ತಿ ಪಟ್ಟಿ ಬೇಡ ಸಾರ್. ಪಕ್ಕದಲ್ಲಿ ಒಂದೇ ಒಂದು ಸಂಖ್ಯೆ ಇಟ್ಟು ಕಥೆ ನಡೆಸಿ ನೋಡಲಿ. ಅರ್ಧ ನಿಮಿಷ ಸಾಕು. ಅದೇ ಸಾಲಿನಲ್ಲಿ ಆ ಸಂಖ್ಯೆ ಅಳಿಸಿ ಎಕ್ಸ್ ಬರೆದರೆ ಸಮೀಕರಣ ಸಿದ್ಧ.

ಹತ್ತನೇ ತರಗತಿ ಹುಡುಗಿಯ ತಾಯಿ:
ನಿನ್ನೆ ಊಟ ಆದ ಮೇಲೆ ಕಡ್ಡಿ ಹಿಡಿದು ಕೂತೆವು. 200 ಬಂದಾಗ ನಿಲ್ಲಿಸಬಹುದು ಅಂದುಕೊಂಡೆ. ಅವಳೇ ಕಡ್ಡಿಗಳನ್ನೆಲ್ಲ ಬಾಚಿಕೊಂಡು ಕೋಣೆಯ ಮೂಲೆಗೆ ಹೋದಳು. "ಅಮ್ಮಾ, ಇಲ್ಲಿ ಎರಡು ಗೋಡೆ ಇದೆ ಅಲ್ವಾ, ಎರಡೇ ಬದಿಗೆ ಕಡ್ಡಿ ಸಾಕು" ಅಂದಳು. 20, 20 ಇಟ್ಟು 400 ಅಂತ ಬರೆದಿದ್ದಾಳೆ. ಮೇಷ್ಟ್ರೇ, ಸರಿಯಾ ನೋಡಿ ಹೇಳಿ, ಅವಳು ಕಾಯುತ್ತಿದ್ದಾಳೆ.