ಬೋಟಿನ 100 ಎ.ಎಚ್. ಬ್ಯಾಟರಿ ಒಂದೂಕಾಲು ಗಂಟೆಗೇ ಸುಸ್ತು: ಬ್ಯಾಟರಿ ಹೋಯ್ತಾ, ಚಾರ್ಜಿಂಗ್ ಸರಿಯಿಲ್ವಾ?

ಹುಟ್ಟುಗೋಲು
12 ಅಡಿ ಫೈಬರ್ ಬೋಟು, 12 ವೋಲ್ಟಿನ 55 ಪೌಂಡ್ ಥ್ರಸ್ಟ್ (ತಳ್ಳೋ ಬಲ) ಟ್ರೋಲಿಂಗ್ ಮೋಟರ್ (ಬ್ಯಾಟರಿಯಲ್ಲಿ ಓಡೋ ಬೋಟ್ ಮೋಟರ್), ಐದು ಸ್ಪೀಡಿನದು. ಬ್ಯಾಟರಿ ಮನೆ ಇನ್ವರ್ಟರಿಗೆ ಹಾಕೋ ಥರದ 100 ಎ.ಎಚ್. (ಆಂಪಿಯರ್-ಅವರ್, ಅಂದ್ರೆ ಆಂಪ್ ಗುಣಿಸು ಗಂಟೆ) ಟ್ಯೂಬ್ಯುಲರ್ ಸೀಸ-ಆಸಿಡ್ ಬ್ಯಾಟರಿ, ಒಂದೂವರೆ ವರ್ಷ ಹಳೇದು. ಮೊದಲು ಮಧ್ಯಮ ಸ್ಪೀಡಲ್ಲಿ, ಸುಮಾರು 20 ಆಂಪಿನಲ್ಲಿ, ಮೂರು ಗಂಟೆ ಬರ್ತಿತ್ತು. ಈಗ ಒಂದೂಕಾಲು ಗಂಟೆಗೆ ಮೋಟರ್ ಸೊರಗುತ್ತೆ. ಬೋಟು ಬೆಂಗಳೂರಲ್ಲೇ, ಅಪಾರ್ಟ್‌ಮೆಂಟಿನ ಬೇಸ್‌ಮೆಂಟಲ್ಲಿ ಟ್ರೇಲರ್ ಮೇಲಿರುತ್ತೆ. ಭಾನುವಾರ ಕೆ.ಆರ್.ಎಸ್. ಹಿನ್ನೀರಿಂದ ವಾಪಸ್. ಮುಂದಿನ ಶುಕ್ರವಾರ ರಾತ್ರಿ 5 ಆಂಪಿನ ಕಾರ್ ಚಾರ್ಜರ್ ಹಾಕಿ ಬೆಳಗ್ಗೆ ತೆಗೀತೀನಿ, ಹಸಿರು ದೀಪ ಬಂದಿರುತ್ತೆ. ಲಿಥಿಯಂ ತಗೊಳ್ಳೋದಾ? ದಡದಲ್ಲಿ ಪ್ಲಗ್ ಇಲ್ಲ, 100 ವ್ಯಾಟ್ ಸೋಲಾರ್ ಸಾಕಾಗುತ್ತಾ?

ಆಸಿಡ್ ಅಂಗಡಿ
ಲಿಥಿಯಂ ಆಮೇಲೆ. ಮೊದಲು ಲೆಕ್ಕ ಹಾಕಿ. ಮೂರು ಗಂಟೆ 20 ಆಂಪ್ ಅಂದರೆ 60 ಎ.ಎಚ್. ಖರ್ಚು. ರಾತ್ರಿ ಒಂಬತ್ತು ಗಂಟೆ 5 ಆಂಪ್ ತುಂಬಿದರೆ 45. ಅದರಲ್ಲಿ ಶೇ. 15ರಷ್ಟು ಶಾಖವಾಗಿ, ಗ್ಯಾಸಾಗಿ ಹೋಗುತ್ತದೆ. ಪ್ರತಿ ವಾರ ಇಪ್ಪತ್ತು ಎ.ಎಚ್. ಸಾಲ ಉಳಿಯಿತು.

ಅದಕ್ಕಿಂತ ದೊಡ್ಡ ತಪ್ಪು ಭಾನುವಾರದಿಂದ ಶುಕ್ರವಾರದವರೆಗೆ ಖಾಲಿ ಇಡುವುದು. ಬ್ಯಾಟರಿ ಖಾಲಿಯಾಗುವಾಗ ಸೀಸದ ಪ್ಲೇಟಿನ ಮೇಲೆ ಕೂರುವ ಸಲ್ಫೇಟ್ ಆ ಐದು ದಿನದಲ್ಲಿ ಗಟ್ಟಿ ಹರಳಾಗುತ್ತದೆ. ಹಾಗಾದ ಬ್ಯಾಟರಿಗೆ ಚಾರ್ಜ್ ಹಾಕಿದರೆ ವೋಲ್ಟೇಜು ಬೇಗ 14.4ಕ್ಕೆ ಏರುತ್ತದೆ, ಚಾರ್ಜರ್ 'ಆಯ್ತು' ಅಂದುಕೊಳ್ಳುತ್ತದೆ. ಆ ಹಸಿರು ದೀಪ ನಂಬಬೇಡಿ.

ಬಂದ ರಾತ್ರಿಯೇ ಹಾಕಿ, 10 ಆಂಪಿನ ಮೂರು ಹಂತದ ಚಾರ್ಜರಿನಲ್ಲಿ. 14.4ರಿಂದ 14.8 ವೋಲ್ಟಿನಲ್ಲಿ ಹಿಡಿದಿಟ್ಟು, ಕರೆಂಟು 2 ಆಂಪಿಗೆ ಇಳಿಯುವವರೆಗೆ ಬಿಡಬೇಕು. ಕೊನೆಯ ಶೇ. 20 ತುಂಬಲಿಕ್ಕೇ ಮೂರು ನಾಲ್ಕು ಗಂಟೆ ಬೇಕು. ಡಿಸ್ಟಿಲ್ಡ್ ವಾಟರ್ ಚಾರ್ಜ್ ಆದ ಮೇಲೆ ಹಾಕಿ. ಮೊದಲೇ ತುಂಬಿಸಿದರೆ ಆಸಿಡ್ ಉಕ್ಕಿ ಹೊರಬರುತ್ತದೆ. ಚಾರ್ಜ್ ಮಾಡುವಾಗ ಬ್ಯಾಟರಿ ಪೆಟ್ಟಿಗೆಯ ಮುಚ್ಚಳ ತೆಗೆದಿಡಿ, ಮುಚ್ಚಿದರೆ ಹೈಡ್ರೋಜನ್ ಒಳಗೇ ತುಂಬಿಕೊಳ್ಳುತ್ತದೆ.

ನಾಲ್ಕು ಗಂಟೆ ಸುಮ್ಮನೆ ಬಿಟ್ಟು ಹೈಡ್ರೋಮೀಟರಿನಲ್ಲಿ (ಆಸಿಡ್ ಎಷ್ಟು ಗಟ್ಟಿ ಅಂತ ಅಳೆಯುವ ಸಾಧನ) ಆರೂ ಸೆಲ್ ನೋಡಿ ಬರೆಯಿರಿ. ಟ್ಯೂಬ್ಯುಲರಿಗೆ ಸಾಮಾನ್ಯವಾಗಿ 1.240 ಹತ್ತಿರ ಬರಬೇಕು, ಲೇಬಲ್ ಮೇಲೂ ಇರುತ್ತದೆ.

ತಾಮ್ರದ ತಂತಿ
ಕೇಬಲ್ ಎಷ್ಟು ದಪ್ಪ, ಎಷ್ಟು ಉದ್ದ ಅಂತ ಯಾರೂ ಕೇಳಲಿಲ್ಲ! ಫುಲ್ ಸ್ಪೀಡಿಗೆ ಈ ಮೋಟರ್ 50 ಆಂಪ್ ಎಳೆಯುತ್ತೆ. 6 ಚದರ ಎಂ.ಎಂ. ತಂತಿ 2 ಮೀಟರ್ ಇದ್ದರೆ, ಹೋಗಿ ಬರೋದು ಸೇರಿ 0.6 ವೋಲ್ಟ್ ತಂತಿಯಲ್ಲೇ ಮಾಯ. 16 ಚದರ ಎಂ.ಎಂ. ಹಾಕಿದರೆ 0.2.

ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿಯ ಪಾಸಿಟಿವ್ ಸೀಸದ ಟರ್ಮಿನಲ್ ಮೇಲೆ (ತಂತಿ ತುದಿಯ ಲೋಹದ ಲಗ್ ಮೇಲಲ್ಲ), ಇನ್ನೊಂದು ಮೋಟರಿನ ಪಾಸಿಟಿವ್ ಟರ್ಮಿನಲ್ ಮೇಲೆ ಇಟ್ಟು, ಮೋಟರ್ ನೀರಲ್ಲಿ ಓಡುವಾಗ ಓದಿ. ಆಮೇಲೆ ನೆಗೆಟಿವ್ ಕಡೆ. ಎರಡೂ ಕೂಡಿ 0.3 ವೋಲ್ಟ್ ದಾಟಿದರೆ ತಂತಿ ಅಥವಾ ಲಗ್ ತಪ್ಪು. ಲಗ್ ಬುಡದಲ್ಲಿ ಹಸಿರು ಪುಡಿ ಕಂಡರೆ ಉಜ್ಜಬೇಡಿ, ಕತ್ತರಿಸಿ ಹೊಸದು ಕ್ರಿಂಪ್ ಮಾಡಿ (ಒತ್ತಿ ಕೂರಿಸಿ). ಮೊಸಳೆ ಕ್ಲಿಪ್ಪಿನಲ್ಲಿ ಮೋಟರ್ ಓಡಿಸೋದನ್ನಂತೂ ಇವತ್ತೇ ಬಿಡಿ. 60 ಆಂಪ್ ಫ್ಯೂಸು ಪಾಸಿಟಿವ್ ತಂತಿಗೆ, ಬ್ಯಾಟರಿಯಿಂದ ಒಂದು ಗೇಣಿನೊಳಗೆ. ಎಲ್ಲ ಎಸ್.ಪಿ. ರೋಡಲ್ಲಿ ಸಿಗುತ್ತೆ.

ಇನ್ನೊಂದು: ಐದು ಸ್ಪೀಡಿನ ಮೋಟರ್ ಕಡಿಮೆ ಸ್ಪೀಡಲ್ಲಿ ಒಳಗಿನ ಕಾಯಿಲಿನಲ್ಲಿ ಕರೆಂಟನ್ನ ಶಾಖ ಮಾಡಿ ಬಿಸಾಕುತ್ತೆ. ಪಿ.ಡಬ್ಲ್ಯು.ಎಂ. ಕಂಟ್ರೋಲರ್ (ಕರೆಂಟನ್ನ ಬೇಗಬೇಗ ಆನ್-ಆಫ್ ಮಾಡಿ ಸ್ಪೀಡ್ ಇಳಿಸೋದು) ಇರೋದರಲ್ಲಿ ಆ ನಷ್ಟ ಬಹಳ ಕಡಿಮೆ.

ಬಿಸಿಲುಕೋಲು
ಸೋಲಾರ್ ಬಗ್ಗೆ: ಬೋಟಿನ ಮೇಲೆ ಮಲಗಿಸಿದ 100 ವ್ಯಾಟ್ ಪ್ಯಾನೆಲ್ಲು ಒಳ್ಳೆ ಬಿಸಿಲಲ್ಲಿ 5 ಆಂಪ್ ಕೊಟ್ಟರೆ ಪುಣ್ಯ. ದಿನಕ್ಕೆ 25 ಎ.ಎಚ್. ಅಂದ್ಕೊಳ್ಳಿ, ಆಷಾಢದ ಮೋಡದಲ್ಲಿ ಅದೂ ಇಲ್ಲ. ಓಡಿಸೋಕೆ ಸಾಲಲ್ಲ, ವಾರವಿಡೀ ತುಂಬಿಟ್ಟಿರೋಕೆ ಚೆನ್ನ. ಆದ್ರೆ ನಿಮ್ಮ ಬೋಟು ಬೇಸ್‌ಮೆಂಟಲ್ಲಿ!

ಲಿಥಿಯಂ ಐರನ್ ಫಾಸ್ಫೇಟ್ ತಗೊಂಡ್ರೆ 100 ಎ.ಎಚ್. ಹನ್ನೆರಡು ಕೆ.ಜಿ. ಆಸುಪಾಸು, 50 ಆಂಪಲ್ಲೂ ಹೆಚ್ಚುಕಮ್ಮಿ ಪೂರ್ತಿ ಸಿಗುತ್ತೆ. ಟ್ಯೂಬ್ಯುಲರಿನ 100 ಅನ್ನೋದು 20 ಗಂಟೆ ನಿಧಾನಕ್ಕೆ, 5 ಆಂಪಲ್ಲಿ ಎಳೆದ್ರೆ ಮಾತ್ರ. 50ರಲ್ಲಿ ಹೊಸದೂ ಒಂದು ಗಂಟೆ ಆಸುಪಾಸೇ. ತೊಂದರೆ ಏನಂದ್ರೆ ಲಿಥಿಯಂ ಸೊರಗಲ್ಲ. ಕೊನೇವರೆಗೂ 13 ವೋಲ್ಟ್ ತೋರಿಸಿ ಬಿ.ಎಂ.ಎಸ್. (ಬ್ಯಾಟರಿ ಒಳಗಿನ ಕಾವಲು ಸರ್ಕ್ಯೂಟು) ದಿಢೀರನೆ ಕಟ್ ಮಾಡುತ್ತೆ. ವೋಲ್ಟ್‌ಮೀಟರ್ ನೋಡಿ ಪ್ರಯೋಜನ ಇಲ್ಲ, ಖರ್ಚಾದ ಎ.ಎಚ್. ಎಣಿಸೋ ಶಂಟ್ ಮೀಟರ್ ಬೇಕು, ಬೋಟಲ್ಲಿ ಹುಟ್ಟೂ ಬೇಕು. ಬಳಸದೆ ಇಡೋವಾಗ ಸೀಸದ್ದು ಪೂರ್ತಿ ತುಂಬಿರಬೇಕು, ಲಿಥಿಯಂ ಅರ್ಧ. ಹಳೇ ಚಾರ್ಜರಿನ ಡಿಸಲ್ಫೇಶನ್ (ಸಲ್ಫೇಟ್ ಕರಗಿಸೋ) ಮೋಡ್ ಲಿಥಿಯಂಗೆ ಹಾಕಲೇಬೇಡಿ.

ಹುಟ್ಟುಗೋಲು
10 ಆಂಪ್ ಚಾರ್ಜರಲ್ಲಿ ರಾತ್ರಿಯಿಡೀ ಹಾಕಿ ಅಳೆದೆ. ಐದು ಸೆಲ್ 1.205ರಿಂದ 1.210, ಮೂರನೇದು 1.190. ತಂತಿಯಲ್ಲಿ ಒಟ್ಟು 0.7 ವೋಲ್ಟ್.

ಆಸಿಡ್ ಅಂಗಡಿ
ಸೆಲ್ ಸತ್ತಿಲ್ಲ. ಒಂದು ಸೆಲ್ ಉಳಿದವಕ್ಕಿಂತ 0.050 ಕೆಳಗಿದ್ದರೆ ಕೈಬಿಡಿ ಅನ್ನುತ್ತಿದ್ದೆ. ಬೋಟಿನ ತಂತಿ ಎಲ್ಲ ಬಿಚ್ಚಿ, ಗಾಳಿಯಾಡುವ ಕಡೆ ಇಟ್ಟು, 15.5 ವೋಲ್ಟಿನಲ್ಲಿ 3 ಆಂಪ್ ಮೀರದಂತೆ ಈಕ್ವಲೈಸ್ (ಎಲ್ಲ ಸೆಲ್ ಸಮ ಮಾಡುವ ಹೆಚ್ಚುವರಿ ಚಾರ್ಜ್) ಮಾಡಿ. ಗಂಟೆಗೊಮ್ಮೆ ಮೂರನೇ ಸೆಲ್ ಅಳೆಯಿರಿ. ಎರಡು ಸಲ ಅದೇ ಅಂಕಿ ಬಂದರೆ ಅಷ್ಟೇ, ನಿಲ್ಲಿಸಿ. ಬ್ಯಾಟರಿಯ ಮೈ ಮುಟ್ಟಲಾಗದಷ್ಟು ಬಿಸಿಯಾದರೂ ನಿಲ್ಲಿಸಿ. ತಂತಿ ಮಾತ್ರ ಅದಕ್ಕೂ ಮೊದಲು ಬದಲಾಯಿಸಿ.