ಒಬ್ಬೊಬ್ಬರನ್ನೇ ಕೇಳಿದ್ರೆ ಓಕೆ ಅಂತಾರೆ, ಒಟ್ಟಿಗೆ ಕೂತ್ರೆ ಎಲ್ರೂ ಬೇಡ ಅಂತಾರೆ, ಯಾಕೆ?

ಅನಾಮಿಕೆ:
ನಾನು ಮದುವೆ ಆಗ್ಬೇಕು ಅಂತಿರೋ ಹುಡುಗ ಬೇರೆ ಧರ್ಮದವನು. ಮನೇಲಿ ಹೇಳಿ ಆಯ್ತು, ಕೂಗಾಟ ಅಳು ಎಲ್ಲಾ ಮುಗೀತು. ಈಗ ವಿಚಿತ್ರ ಏನಂದ್ರೆ ಅಮ್ಮ ಒಬ್ಬಳೇ ಇದ್ದಾಗ "ಹುಡುಗ ಒಳ್ಳೆಯವನೇ ಕಣೇ" ಅಂತಾಳೆ, ಅಪ್ಪ ಅವನ ಜೊತೆ ಫೋನಲ್ಲಿ ಗಂಟೆಗಟ್ಲೆ ಹರಟೆ ಹೊಡೀತಾರೆ, ಆದ್ರೆ ದೊಡ್ಡಪ್ಪ ಅತ್ತೆ ಮಾವ ಎಲ್ಲಾ ಬಂದು ಕೂತ್ರೆ ಇದೇ ಅಪ್ಪ ಅಮ್ಮ ತಲೆ ತಗ್ಗಿಸ್ಕೊಂಡು ಹೂಂ ಹೂಂ ಅಂತಿರ್ತಾರೆ. ಮೊನ್ನೆ ಫ್ಯಾಮಿಲಿ ಗ್ರೂಪಲ್ಲಿ ದೊಡ್ಡಪ್ಪ "ನಮ್ಮ ಮನೆತನದಲ್ಲಿ ಇಂಥದ್ದು ನಡೆಯಲ್ಲ" ಅಂತ ಹಾಕಿದ್ರು, ಕೆಳಗೆ ಸಾಲಾಗಿ ಹೆಬ್ಬೆಟ್ಟು. ಅದ್ರಲ್ಲಿ ಒಂದು ನನ್ನ ಕಸಿನ್‌ದು, ಹಿಂದಿನ ರಾತ್ರಿ ತಾನೇ ಅವನು ನಂಗೆ "ಗಟ್ಟಿಯಾಗಿರು, ನಾನಿದೀನಿ" ಅಂತ ಮೆಸೇಜ್ ಮಾಡಿದ್ದ!! ಇವ್ರು ಸುಳ್ಳು ಹೇಳ್ತಿರೋದು ನನ್ನ ಹತ್ರಾನಾ, ಅವ್ರ ಹತ್ರಾನಾ?

ಸೈಕಾಲಜಿ ಹುಚ್ಚ:
ಇಬ್ರ ಹತ್ರಾನೂ ಅಲ್ಲ ಅನ್ಸುತ್ತೆ. 1950ರ ದಶಕದಲ್ಲಿ ಸಾಲೊಮನ್ ಆಶ್ ಅನ್ನೋ ಮನಃಶಾಸ್ತ್ರಜ್ಞರು ಒಂದು ಪ್ರಯೋಗ ಮಾಡಿದ್ರು, ಕಾರ್ಡ್ ಮೇಲೆ ಗೆರೆಗಳು, ಯಾವುದು ಯಾವುದಕ್ಕೆ ಸಮ ಅಂತ ಹೇಳ್ಬೇಕು ಅಷ್ಟೇ, ಚಿಕ್ಕ ಮಗೂಗೂ ಗೊತ್ತಾಗೋ ಅಂಥದ್ದು. ಆದ್ರೆ ರೂಮಲ್ಲಿರೋ ಉಳಿದವ್ರೆಲ್ಲ ಮೊದ್ಲೇ ಮಾತಾಡ್ಕೊಂಡು ಬೇಕಂತ ತಪ್ಪು ಹೇಳೋರು. ಪಾಪ ಅಸಲಿ ವ್ಯಕ್ತಿಗಳು ಮೂರರಲ್ಲಿ ಸುಮಾರು ಒಂದು ಸಲ ಅವ್ರ ತಪ್ಪನ್ನೇ ಒಪ್ಕೊಂಡು ಹೇಳಿದ್ರು. ನಿಮಗೆ ಬೇಕಾಗಿರೋ ಭಾಗ ಇದು: ಗುಂಪಲ್ಲಿ ಒಬ್ಬನೇ ಒಬ್ಬ ಸರಿ ಉತ್ತರ ಹೇಳಿದ್ರೆ ಸಾಕು, ಆ ತಪ್ಪು 100ಕ್ಕೆ 5-6ಕ್ಕೆ ಇಳೀತು. ಉತ್ತರ ಬಾಯಿಬಿಟ್ಟು ಹೇಳ್ಬೇಡಿ ಬರೆದು ಕೊಡಿ ಅಂದಾಗ್ಲೂ ಕಮ್ಮಿ ಆಯ್ತು, ನಿಮ್ಮ ಅಮ್ಮ ಒಬ್ಬರೇ ಇದ್ದಾಗ ಬೇರೆ ಥರ ಮಾತಾಡೋದು ಇದೇ. ನಿಮಗೆ ದೊಡ್ಡಪ್ಪನ ಮನಸ್ಸು ಬದಲಾಗೋದು ಬೇಕಿಲ್ಲ, ಆ ಹೆಬ್ಬೆಟ್ಟು ಕಸಿನ್ ಗ್ರೂಪಲ್ಲಿ ಒಂದು ಲೈನ್ ಬರೆದ್ರೆ ಸಾಕು.

ನೇರ ಮಾತು:
ಸ್ವಾಮಿ, ಗೆರೆ ಉದ್ದ ಸರಿ ಹೇಳಿದ್ರೆ ಯಾರ ಗಂಟೇನು ಹೋಗುತ್ತೆ? ಇಲ್ಲಿ ಆ ಕಸಿನ್ ಬಾಯಿಬಿಟ್ರೆ ನಾಳೆ ಅವನ ತಂಗಿ ಮದುವೆ ಮಾತು ಬಂದಾಗ ಎಲ್ರೂ ಇದನ್ನೇ ಎತ್ತಿ ಆಡ್ತಾರೆ. ಅವನು ಹೇಡಿ ಅಲ್ಲ, ಲೆಕ್ಕ ಹಾಕ್ತಿದಾನೆ. ಇನ್ನೊಂದು, ಆಶ್ ಪ್ರಯೋಗದಲ್ಲೇ ಜೊತೆಗಿದ್ದವನು ಮಧ್ಯದಲ್ಲಿ ಆ ಕಡೆ ಸೇರ್ಕೊಂಡ್ರೆ ಕಥೆ ವಾಪಸ್ ಮೊದಲಿನ ಥರಾನೇ ಆಗಿತ್ತು, ಅದನ್ನ ಹೇಳ್ಲಿಲ್ಲ ನೀವು. ಅರ್ಧ ದಾರೀಲಿ ಕೈಬಿಡೋನನ್ನ ನೆಚ್ಕೊಂಡು ಕೂರ್ಬೇಡಿ.

ಹಳೇ ಪೇಪರ್:
ಎಲ್ರೂ ಒಪ್ಲಿ ಅಂತ ಕಾಯೋರಿಗೆ ಒಂದು ಲೆಕ್ಕ. ಅಮೆರಿಕದಲ್ಲಿ 1958ರಲ್ಲಿ ಕರಿಯರು ಬಿಳಿಯರು ಮದುವೆ ಆಗೋದನ್ನ ಒಪ್ಪಿದವ್ರು ಗ್ಯಾಲಪ್ ಸರ್ವೇಲಿ ಬರೀ ಶೇ. 4. ಅದೇ ವರ್ಷ ಅಂಥದ್ದೇ ಜೋಡಿ ರಿಚರ್ಡ್ ಮತ್ತು ಮಿಲ್ಡ್ರೆಡ್ ಲವಿಂಗ್ ಮದುವೆ ಆದ್ರು, ವರ್ಜೀನಿಯಾದಲ್ಲಿ ಪೊಲೀಸರು ರಾತ್ರೋರಾತ್ರಿ ಬೆಡ್‌ರೂಮಿಗೇ ನುಗ್ಗಿ ಅರೆಸ್ಟ್ ಮಾಡಿದ್ರು, ಜೈಲು ಬೇಡ ಅಂದ್ರೆ 25 ವರ್ಷ ರಾಜ್ಯ ಬಿಟ್ಟಿರಿ ಅಂದ ಕೋರ್ಟು. 1967ರಲ್ಲಿ ಸುಪ್ರೀಂ ಕೋರ್ಟು ಅವ್ರ ಪರ ತೀರ್ಪು ಕೊಟ್ಟು ಇಂಥ ಮದುವೆ ತಡೆಯೋ ಕಾನೂನುಗಳನ್ನೆಲ್ಲ ತೆಗೆದುಹಾಕ್ತು. ಮರುವರ್ಷ ಒಪ್ಪಿಗೆ ಎಷ್ಟು? ಶೇ. 20. 2021ಕ್ಕೆ ಶೇ. 94. ಗುಂಪು ಒಪ್ಪಿದ್ಮೇಲೆ ಇವ್ರು ಮದುವೆ ಆಗಿದ್ದಲ್ಲ. ಅಷ್ಟು ವರ್ಷ ಕಾದಿದ್ರೆ ಮೊಮ್ಮಕ್ಕಳ ಕಾಲಕ್ಕೆ ತಾಳಿ.

ಎರಡು ಮನೆ ಸೊಸೆ:
ನಮ್ಮದೂ ಅಂತರಧರ್ಮೀಯ ಮದುವೆ, ಅದಕ್ಕೇ ಬರೀತಿದೀನಿ. ಮದುವೆ ಆದ ದಿನ ಇದು ಮುಗಿಯುತ್ತೆ ಅಂದ್ಕೋಬೇಡಿ. ಹೆಸರು ಬದಲಾಯಿಸ್ಕೊ, ಮಗೂಗೆ ಯಾವ ಕಡೆ ಹೆಸರು, ಹೋದ್ಸಲ ಅವ್ರ ಮನೆಗೆ ಹೋಗಿದ್ರಲ್ಲ ಈ ಸಲ ಇಲ್ಲಿಗೆ ಬನ್ನಿ, ಎರಡೂ ಕಡೆ ಕೂತು ಲೆಕ್ಕ ಇಡ್ತಾರೆ. ಅದೂ ಹೋಗ್ಲಿ, ಯಾರೂ ಹೇಳದ ಪ್ರೆಷರ್ ಇನ್ನೊಂದಿದೆ, ನಮ್ಮ ಪರ ನಿಂತ ಫ್ರೆಂಡ್ಸ್‌ದು. ನಾವು ಆದರ್ಶ ಜೋಡಿ ಆಗಿರ್ಲೇಬೇಕು ಅವ್ರಿಗೆ. ಗಂಡನ ಜೊತೆ ಒಂದು ಮಾಮೂಲಿ ಜಗಳ ಆಯ್ತು ಅಂತ ಹೇಳ್ಕೊಳ್ಳೋಕೂ ನಂಗೆ ಬಾಯಿ ಬರ್ತಿರ್ಲಿಲ್ಲ, ಪಾತ್ರೆ ತೊಳೆಯೋ ವಿಷಯಕ್ಕೆ ಆದ ಜಗಳ ಕೂಡ ಧರ್ಮದ ಜಗಳ ಆಗ್ಬಿಡುತ್ತೆ, ವಿರೋಧ ಮಾಡಿದವ್ರಿಗೆ "ನಾವು ಹೇಳಿರ್ಲಿಲ್ವಾ" ಅನ್ನೋಕೆ ಸಿಕ್ಬಿಡುತ್ತೆ. ಬೆಂಬಲ ಕೊಡೋರನ್ನ ಹುಡುಕುವಾಗ, ನೀವು ಸೋತು ಸುಸ್ತಾಗಿ ಹೋದ್ರೂ ಭಾಷಣ ಮಾಡದೆ ಬಾಗಿಲು ತೆಗೆಯೋ ಅಂಥ ಒಬ್ರನ್ನ ಹುಡುಕಿ ತಂಗಿ.

ಅನಾಮಿಕೆ:
ಎಲ್ರಿಗೂ ಥ್ಯಾಂಕ್ಸ್. ಕಸಿನ್‌ಗೆ ಫೋನ್ ಮಾಡಿದ್ದೆ, "ನಾನು ಹೇಳ್ತೀನಿ ಕಣೆ, ಆದ್ರೆ ಚಿಕ್ಕಮ್ಮ ಮೊದ್ಲು ಹೇಳ್ಲಿ" ಅಂದ. ಚಿಕ್ಕಮ್ಮಂಗೆ ಮಾಡಿದ್ರೆ ಅವ್ರು "ಅವನು ಹೇಳಿದ್ರೆ ನಾನೂ ಹೇಳ್ತೀನಿ" ಅಂತಾರೆ. ಭಾನುವಾರ ಇಬ್ರನ್ನೂ ಒಟ್ಟಿಗೆ ಮನೆಗೆ ಕರೆದಿದೀನಿ, ದೊಡ್ಡಪ್ಪಂಗೆ ಹೇಳಿಲ್ಲ.